ಒಂದೇ ಟಿಕೆಟಿನ ಅರಮನೆ

ನಮ್ಮ ಬೀದಿಯಲ್ಲಿ ಅವರಿಗೆ ‘ನಾಳೆ ಟೈಲರ್’ ಎಂದೇ ಹೆಸರು. ಗುರುವಾರ ಕೊಡುತ್ತೇನೆಂದ ಬಟ್ಟೆ ಭಾನುವಾರಕ್ಕೆ ಮುಂಚೆ ಸಿಕ್ಕ ದಾಖಲೆಯಿಲ್ಲ. ಅಂಚಿನಲ್ಲಿ ಒಂದಿಂಚು ಒಳಕ್ಕೆ ಮಡಚಿಡುವ ಹಾಗೆ ಮಾತಿನಲ್ಲೂ ಮೂರು ದಿನ ಮಡಚಿಡುವವರು. ಲೋಕದ ಗಡುವುಗಳನ್ನೆಲ್ಲ ಹೀಗೇ ಹೊಲಿದಿರುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ.

ಅವರ ಹೆಂಡತಿ ಡ್ರಾಯಿಂಗ್ ಟೀಚರ್. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಒಂದು ಪುರಾತನ ಹಾಳು ಅರಮನೆಯ ಕಂಬಗಳನ್ನು ಬರೆದವರು, ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ನಿವೃತ್ತಿಯಾಗಲಿ, ಹೋಗೋಣ ಎಂದು ಟೈಲರ್ ಹೇಳಿದ್ದರು. ಅವರ ಬಾಯಿಂದ ಬಂದ ಗಡುವು, ಗೊತ್ತಲ್ಲ. ಅಷ್ಟರಲ್ಲಿ ಟೀಚರ ನೋಟದ ನಡುಭಾಗ ಮಸುಕಾಯಿತು. ಇನ್ನೆರಡು ತಿಂಗಳಲ್ಲಿ ಉಳಿದದ್ದೂ ಹೋಗಬಹುದು, ನೋಡಬೇಕಾದದ್ದನ್ನು ಈಗಲೇ ನೋಡಿಬಿಡಿ ಎಂದರು ಕಣ್ಣಿನ ಡಾಕ್ಟರು.

ಅರಮನೆಯೊಳಗೆ ದಿನಕ್ಕೆ ಇಂತಿಷ್ಟೇ ಜನ. ಮೂವತ್ತು ದಿನ ಮೊದಲು, ಬೆಳಿಗ್ಗೆ ಹತ್ತಕ್ಕೆ, ಮೊಬೈಲಿನಲ್ಲೇ ಟಿಕೆಟ್ ಬುಕ್ ಮಾಡಬೇಕು. ಹತ್ತು ಎಂದರೆ ಹತ್ತೂವರೆ ಎಂದುಕೊಂಡ ಟೈಲರ್, ಕೈಯಲ್ಲಿದ್ದ ಕಾಲರ್ ಮುಗಿಸಿ ನಿಧಾನವಾಗಿ ಕೂತರು. ಹತ್ತು ಗಂಟೆ ನಾಲ್ಕು ನಿಮಿಷಕ್ಕೇ ಎಲ್ಲ ಮುಗಿದಿತ್ತು.

ಮರುದಿನದಿಂದ ಒಂಬತ್ತಕ್ಕೇ ಹೊಲಿಗೆ ಮೆಷಿನ್ನಿಗೆ ಮೊಬೈಲ್ ಒರಗಿಸಿ ಕೂರತೊಡಗಿದರು. ನಿಮ್ಮ ಮುಂದೆ ನಾಲ್ಕು ಸಾವಿರದ ಮುನ್ನೂರು ಜನ ಇದ್ದಾರೆ ಎನ್ನುತ್ತಿತ್ತು ಅದು. ಹಾಳು ನೋಡಲು ಇಷ್ಟೊಂದು ಜನ ಹಾಳಾಗಿದ್ದಾರೆಂದು ನನಗೂ ಗೊತ್ತಿರಲಿಲ್ಲ. ಹದಿನಾರು ಬೆಳಿಗ್ಗೆ ಹೀಗೇ ಹೋದವು. ಟೀಚರ್ ಲೋಟದ ಪಕ್ಕಕ್ಕೆ ಚಹಾ ಸುರಿಯತೊಡಗಿದರು. ನನ್ನ ಹೊಸ ಪ್ಯಾಂಟಿನ ಒಂದು ಕಾಲು ಉದ್ದ, ಒಂದು ಗಿಡ್ಡ ಬಂತು. ತುಟಿ ಹೊಲಿದುಕೊಂಡು ಹಾಕಿಕೊಂಡೆ.

ಹದಿನೇಳನೆಯ ಬೆಳಿಗ್ಗೆ ಸರದಿ ಬಂತು. ಉಳಿದಿದ್ದದ್ದು ಒಂದೇ ಟಿಕೆಟ್. ಹೆಸರು ತುಂಬಲು ಮೂರು ನಿಮಿಷ.

“ಒಂದೇ ಇದೆ ಕಣೇ,” ಎಂದರು ಟೈಲರ್. “ಒಳಗೆ ನಿನ್ನ ಕೈ ಹಿಡಿಯೋಕೆ ನಾನಿರಲ್ಲ.”

“ನನ್ನ ಹೆಸರು ಹಾಕಿ. ನೀವು ನೋಡ್ಕೊಂಡು ಬಂದು ವರ್ಣಿಸಿದ್ರೆ ಕಂಬಕ್ಕೂ ಗುಂಡಿ ಕಾಜಾ ಇರತ್ತೆ.”

“ಮೆಟ್ಟಿಲು ಬಹಳ ಇವೆಯಂತೆ.”

“ಹಾಕಿ ಅಂದೆ.”

ಹಾಕಿದರು. ಜೊತೆಗೊಬ್ಬರನ್ನು ಬಿಡುತ್ತೀರಾ ಎಂದು ಅರಮನೆಯ ಆಫೀಸಿಗೆ ಫೋನ್ ಮಾಡಿ ಅಂಗಲಾಚಿದರು. ಅಲ್ಲಿಯ ಹೆಂಗಸು, ಪಾಪ, ಮೆತ್ತಗಿನ ದನಿಯಲ್ಲೇ, ಅವರಿಗೂ ಟಿಕೆಟ್ ಇದ್ದರೆ ಖಂಡಿತ ಬಿಡುತ್ತೇವೆ ಎಂದಳು.

ಈಗ ದಿನಾ ಸಂಜೆ ಟೀಚರ್ ಬೀದಿಯ ಕೊನೆಯವರೆಗೆ ಒಬ್ಬರೇ ಹೋಗಿ ಬರುವ ಅಭ್ಯಾಸ ಮಾಡುತ್ತಿದ್ದಾರೆ. ಟೈಲರ್ ಮನೆ ಬಾಗಿಲಲ್ಲಿ ಉಸಿರು ಹಿಡಿದು ನಿಂತಿರುತ್ತಾರೆ. ನಿನ್ನೆ ಟೀಚರ್ ವಾಪಸು ಬರುವಾಗ ಗಂಡನ ಎದುರೇ ಹಾದು, ತಮ್ಮ ಮನೆ ದಾಟಿ, ಪಕ್ಕದ ನಮ್ಮ ಮನೆ ಗೇಟಿನ ಚಿಲಕ ತಡಕತೊಡಗಿದರು. ನಾನು ಕರೆಯಲು ಬಾಯಿ ತೆರೆದೆ. ಟೈಲರ್ ಅಲ್ಲಿಂದಲೇ ಬೇಡವೆಂದು ಕೈಯಾಡಿಸಿದರು. ಆಮೇಲೆ ಅದೇ ಕೈಯನ್ನು ತಮ್ಮ ಬಾಯಿಗೆ ಒತ್ತಿ ಹಿಡಿದುಕೊಂಡು ನಿಂತರು.