ಸೆರಗು ತೆಗೆದು ಕಲಿಸಿದ ದಾಂಡು

ಸೆರಗು ಜಾರಿತು ಎಂದು ನನ್ನ ಗಂಡನ ಮನೆಯಲ್ಲಿ ಈಗಲೂ ಹೇಳುತ್ತಾರೆ. ಮೊಮ್ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದಾರೆ. ಸುಳ್ಳು. ಜಾರಲಿಲ್ಲ, ನಾನೇ ತೆಗೆದೆ.

ನಿಜಾಮರ ಕಾಲ. ಕಮಲಾಪುರದಿಂದ ಬ್ರಹ್ಮಪುರಕ್ಕೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ವಯಸ್ಸು ಹದಿನೈದೋ ಹದಿನಾರೋ, ಬರೆದಿಟ್ಟವರಿಲ್ಲ. ಮಾವ ತಹಸೀಲ್ ಕಚೇರಿಯಲ್ಲಿ ಮುನ್ಷಿ. ಅವರ ಮನೆಯಲ್ಲಿ ಸೊಸೆಯಾದವಳು ಹಣೆ ಮುಚ್ಚುವಂತೆ ಸೆರಗು ಹೊದ್ದು ತಲೆ ತಗ್ಗಿಸಿಯೇ ಇರಬೇಕು.

ಬಂದ ಹೊಸದರಲ್ಲೇ ಹಿತ್ತಲಲ್ಲಿ ಚಿಣ್ಣಿ-ದಾಂಡು ಆಡಿ ಅತ್ತೆಯ ಕೈಗೆ ಸಿಕ್ಕಿದ್ದೆ. "ನಿಮ್ಮ ಮಾವನ ಕಣ್ಣಿಗಿ ಬಿತ್ತಂದ್ರ ತವರಿಗಿ ಅಟ್ಟತಾರ ನೋಡವ್ವ. ನನ್ನ ತಂಗೀನ ಆಕಿ ಗಂಡನ ಮನಿಯವ್ರು ಹಂಗೇ ಕಳಿಸಿದ್ರು. ಇನ್ನಾ ತವರಾಗೇ ರೊಟ್ಟಿ ಬಡಿಯಾಕತ್ತಾಳ" ಎಂದಿದ್ದರು.

ಆದರೂ ಹತ್ತು ವರ್ಷದ ಮೈದುನ ಕಲಿಸು ಎಂದು ಬೆನ್ನು ಬಿಡಲಿಲ್ಲ. ನಿಜಾಮರ ಶಾಲೆಗೆ ಶುಕ್ರವಾರ ರಜೆ, ಅಂದು ಪಕ್ಕದ ಓಣಿಯವರ ಜೊತೆ ಪಂದ್ಯ. ಚಿಣ್ಣಿಯ ಚೂಪು ತುದಿಗೆ ದಾಂಡಿನಿಂದ ಕುಟ್ಟಿದರೆ ಅದು ಮೇಲೆ ಪುಟಿಯುತ್ತದೆ, ಆಗ ಗಾಳಿಯಲ್ಲೇ ಬಾರಿಸಬೇಕು. ಹೋದ ವಾರ ಅವನು ಒಂದನ್ನೂ ಬಾರಿಸಿರಲಿಲ್ಲ.

ಮಾವ ಕಚೇರಿಯಲ್ಲಿರುವಾಗ ನಾಲ್ಕು ದಿನ ಕಲಿಸಿದೆ. ಕಾಲು ಅಗಲಿಸಿ ನಿಲ್ಲು, ಬರೀ ತೋಳಿನಿಂದ ಹೊಡೆಯಬೇಡ, ಸೊಂಟ ತಿರುಗಿಸು, ಮುಂಗೈ ಕೊನೆಗೆ ಬಿಡು. ಎಲ್ಲ ಮಾಡಿದ. ಹೊಡೆತವೆಲ್ಲ ಗಾಳಿಗೆ. ಗುರುವಾರ ಮಧ್ಯಾಹ್ನ ಸರಿಯಾಗಿ ನೋಡಿದೆ. ಗದ್ದವನ್ನು ಎದೆಗೆ ಒತ್ತಿ, ತನ್ನ ಕಾಲ್ಬೆರಳು ನೋಡುತ್ತ ಬೀಸುತ್ತಿದ್ದ.

"ಕುತ್ತಿಗಿ ಮುರದದೇನೋ?"

"ನೀ ಹಂಗೇ ಹೊಡೀತಿ ಅಲ್ಲ ವೈನಿ. ನಿನ್ನ ನೋಡೇ ಕಲ್ತೀನಿ."

ಹೌದು. ಸೆರಗಿನೊಳಗೆ ತಲೆ ತಗ್ಗಿಸಿಯೇ ನಾನು ಹೊಡೆಯುತ್ತಿದ್ದೆ. ಚಿಕ್ಕಂದಿನಿಂದ ಅಣ್ಣಂದಿರ ಜೊತೆ ಆಡಿದ ಕೈ, ನನಗೆ ನಡೆಯುತ್ತಿತ್ತು. ಹುಡುಗ ಆಟದ ಜೊತೆ ಸೊಸೆ ನಿಲ್ಲುವ ರೀತಿಯನ್ನೂ ಕಲಿತಿದ್ದ.

ತಲೆ ಎತ್ತಿ ಚಿಣ್ಣಿ ನೋಡು ಎಂದು ಬಾಯಲ್ಲಿ ಹೇಳಿದೆ, ತಿಳಿಯಲಿಲ್ಲ. ಸೆರಗು ತೆಗೆದು ಸೊಂಟಕ್ಕೆ ಸಿಗಿಸಿದೆ.

"ನನ್ನ ಕಣ್ಣು ನೋಡು. ಚಿಣ್ಣಿ ಎಲ್ಲಿ ಹೋಗ್ತದೋ ಅಲ್ಲೇ ಹೋಗ್ತಾವ."

ಬಾರಿಸಿದೆ. ಚಿಣ್ಣಿ ಗೋಡೆ ದಾಟಿತು. ತಿರುಗಿದರೆ ಹಿತ್ತಲ ಬಾಗಿಲಲ್ಲಿ ಮಾವ. ಕಚೇರಿಯ ಶೇರವಾನಿ ಇನ್ನೂ ಮೈಮೇಲಿತ್ತು.

ಅತ್ತೆ ಓಡಿ ಬಂದು ನನ್ನ ತಲೆಯ ಮೇಲೆ ಸೆರಗು ಎಳೆದರು. "ಗಾಳಿಗಿ ಜಾರ್ಯದ್ರೀ. ಹುಡುಗಿ ಇನ್ನಾ."

ಮಾವ ಸೊಸೆಯ ಜೊತೆ ನೇರ ಮಾತಾಡುವ ಪದ್ಧತಿಯಿಲ್ಲ. ಅತ್ತೆಗೇ ಹೇಳಿದರು: "ಕೇಳು ಆಕಿಗಿ. ಜಾರಿತೋ, ತಗದಳೋ?"

"ಜಾರಿತು ಅನ್ನು ಹುಚ್ಚಿ, ಒಂದೇ ಮಾತು" ಎಂದು ಅತ್ತೆ ಕಿವಿಯಲ್ಲಿ ಹೇಳಿ ತೋಳು ಚಿವುಟಿದರು.

ಅತ್ತೆಯ ತಂಗಿಯ ರೊಟ್ಟಿ ಕಣ್ಣ ಮುಂದೆ ಬಂತು. ಮೈದುನನ ಕಡೆ ನೋಡಿದೆ. ಅವನ ಗದ್ದ ಮತ್ತೆ ಎದೆಗೆ ಇಳಿಯುತ್ತಿತ್ತು. ಜಾರಿತು ಎಂದರೆ ನಾಲ್ಕು ದಿನದ ಕೆಲಸ ಹಾಳು.

"ತಗದೀನ್ರೀ" ಎಂದೆ. ನೇರ ಮಾವನಿಗೇ ಹೇಳಿದೆ. ಅದು ಎರಡನೇ ತಪ್ಪು.

"ನಸಕಿಗಿ ಬಂಡಿ ಕಟ್ಟಸ್ತೀನಿ. ಕಮಲಾಪುರಕ್ಕ ಹೋಗ್ಲಿ" ಎಂದು ಅತ್ತೆಗೆ ಹೇಳಿ ಮಾವ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಬಂಡಿಯವನು ಎತ್ತು ಹೂಡುತ್ತಿರುವಾಗ ಮೈದುನನನ್ನು ಎಬ್ಬಿಸಿ ಹಿತ್ತಲಿಗೆ ಎಳೆದುಕೊಂಡು ಹೋದೆ. ಇಪ್ಪತ್ತು ಸಲ ಹೊಡೆಸಿದೆ. ಗದ್ದ ಇಳಿದಾಗಲೆಲ್ಲ ತಲೆಗೆ ಮೊಟಕಿದೆ. ಬಂಡಿಯವನು ಮೂರು ಸಲ ಕೂಗಿದ. ಹದಿಮೂರು ತಾಗಿದವು. ಆಮೇಲೆ ಹೋಗಿ ಬಂಡಿ ಹತ್ತಿದೆ.