ಗ್ಲೇಜು ಹತ್ತದ ಜಾಗ

ಅಕ್ಕ ಪಿಂಗಾಣಿ ಕೆಲಸ ಮಾಡುತ್ತಿದ್ದಳು. ಹಾರೋಹಳ್ಳಿಯ ಹೊರಗೆ ನಮ್ಮ ಹೊಲದ ಮೂಲೆಯಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು. ಅದರೊಳಗೆ ಕರೆಂಟಿನ ತಿಗರಿ, ಪಾತ್ರೆ ಸುಡುವ ಗ್ಯಾಸಿನ ಗೂಡು. ಲೋಟ, ಬಟ್ಟಲು, ಹೂಜಿ ಮಾಡಿ ಬೆಂಗಳೂರಿನ ಪ್ರದರ್ಶನಗಳಿಗೆ ಕಳಿಸುತ್ತಿದ್ದಳು. ನಾನು ಹತ್ತನೇ ಕ್ಲಾಸು ಮುಗಿಸಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಸೇರಿದ್ದೆ. ಭಾನುವಾರ ಮಾತ್ರ ಅವಳಿಗೆ ಕೈಯಾಳು.

ನನ್ನ ಕೆಲಸ ಒಂದೇ. ಒಂದು ಸಲ ಸುಟ್ಟ ಲೋಟವನ್ನು ಅಕ್ಕ ಬುಡದ ಹತ್ತಿರ ಮೂರು ಬೆರಳಲ್ಲಿ ಹಿಡಿದು, ತಲೆಕೆಳಗಾಗಿ ಗ್ಲೇಜಿನ ಬಕೆಟ್ಟಿಗೆ ಅದ್ದಿ ತೆಗೆಯುತ್ತಿದ್ದಳು. ಗ್ಲೇಜೆಂದರೆ ಸುಟ್ಟ ಮೇಲೆ ಗಾಜಿನ ಹೊಳಪು ಕೊಡುವ, ಹಾಲಿನಂಥ ದ್ರವ. ಬೆರಳು ಹಿಡಿದ ಕಡೆ ಅದು ಹತ್ತುವುದಿಲ್ಲ. ಮೂರು ಬೋಳು ಗುರುತು ಉಳಿಯುತ್ತವೆ. ಅವನ್ನು ನಾನು ಬ್ರಶ್ಶಿನಿಂದ ಮುಚ್ಚಿದ ಮೇಲೆ ಇನ್ನೊಂದು ಸಲ ಸುಡುವುದು.

"ಲೋ, ಗೋಡೆಗೆ ಸುಣ್ಣ ಬಳೀತಿದ್ದೀಯೇನ್ಲಾ? ಒಸಿ ತೆಳ್ಳಗೆ ಹಚ್ಚು," ಅನ್ನುತ್ತಿದ್ದಳು. "ಫ್ಯಾಕ್ಟರೀಲಿ ಹಿಂಗ್ ಮಾಡುದ್ರೆ ಸಂಬಳ ಕೊಡಾಕಿಲ್ಲ."

"ನೀನೇನ್ ಕೊಡ್ತಿದ್ದೀಯಾ?" ಅಂದರೆ ಮುಖಕ್ಕೆ ನೀರು ಎರಚುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಜ್ವರ ಬಂದು, ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಅವಳು ಅದ್ದಿಟ್ಟ ಹನ್ನೊಂದು ಲೋಟ ಹಲಗೆಯ ಮೇಲೆ ಹಾಗೇ ಉಳಿದವು.

ಮರುವರ್ಷ ಆ ಹೊಲವೂ ಫ್ಯಾಕ್ಟರಿಗೆಂದು ಹೋಯಿತು. ಪಕ್ಕದ ಹೊಲಗಳಲ್ಲಿ ಆಗಲೇ ಜೆಸಿಬಿ ಓಡಾಡುತ್ತಿತ್ತು. ಗೂಡು ಕೀಳುವ ಮೊದಲು ಆ ಹನ್ನೊಂದನ್ನು ಸುಟ್ಟುಬಿಡೋಣ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಬಕೆಟ್ಟಿನ ತಳದಲ್ಲಿ ಗಟ್ಟಿಯಾಗಿದ್ದ ಗ್ಲೇಜನ್ನು ನೀರಿನಲ್ಲಿ ಕದಡಿ, ಬ್ರಶ್ಶು ಹಿಡಿದು ಕೂತೆ. ಏನೂ ಯೋಚಿಸಲಿಲ್ಲ. ಕೈಗೆ ಗೊತ್ತಿದ್ದ ಕೆಲಸ. ಅವಳು ಹೇಳುತ್ತಿದ್ದ ಹಾಗೆ ತೆಳ್ಳಗೇ ಹಚ್ಚಿದೆ. ವರ್ಷವಾದರೂ ಆ ಲೋಟಗಳ ಮೇಲೆ ಧೂಳು ಕೂತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹನ್ನೊಂದಕ್ಕೂ ಹಚ್ಚಿ, ಆರನ್ನು ಗೂಡಿನೊಳಗೆ ಜೋಡಿಸಿದ್ದೆ. ಅಷ್ಟರಲ್ಲಿ ಅವ್ವ ಊಟ ತಂದಳು. ಹಲಗೆಯ ಮೇಲಿದ್ದ ಒಂದು ಲೋಟ ಎತ್ತಿ ತಿರುಗಿಸಿದಳು. ಇನ್ನೊಂದು ಎತ್ತಿದಳು.

"ಇಲ್ಲಿ ಅವಳ ಬೆರಳಿದ್ವಲ್ಲಪ್ಪ?"

ನಾನು ಬ್ರಶ್ಶನ್ನು ಬಕೆಟ್ಟಿನೊಳಗೆ ಇಳಿಬಿಟ್ಟೆ.

"ದಿನಾ ಬಂದು ಅದ್ರ ಮ್ಯಾಲೆ ಬೆರಳಿಟ್ಟು ಹೋಯ್ತಿದ್ದೆ. ಎಲ್ಲಾನೂವೆ ಬಳ್ದ್‌ಬುಟ್ಯಾ?"

"ಇಲ್ಲ ಕಣವ್ವ. ಒಂದ್ ಬುಟ್ಟಿವ್ನಿ. ಗೂಡೊಳಗೈತೆ."

ಅವಳು ಗೂಡಿನ ಕಡೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದಳು.

ಅವಳು ಕಣ್ಮರೆಯಾದ ಮೇಲೆ ಒಂದು ಲೋಟವನ್ನು ಈಚೆಗೆ ತೆಗೆದೆ. ಬೆರಳನ್ನು ನೀರಿಗೆ ಅದ್ದಿ ಬುಡದ ಹತ್ತಿರ ಮೂರು ಕಡೆ ಉಜ್ಜಿದೆ. ಒಣಗಿದ ಗ್ಲೇಜು ಹಿಟ್ಟಿನ ಹಾಗೆ ಬಿಟ್ಟುಕೊಂಡಿತು. ಅಕ್ಕನ ಬೆರಳುಗಳ ನಡುವೆ ಎಷ್ಟು ಅಂತರ ಇರುತ್ತಿತ್ತು ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಅಷ್ಟು ವರ್ಷ ಅವನ್ನು ಮುಚ್ಚಿದ್ದೆ, ನೋಡಿರಲಿಲ್ಲ.

ಗೂಡು ಆರಿದ ಮೇಲೆ ಆ ಲೋಟವನ್ನು ಅವ್ವನ ಕೈಗೆ ಕೊಟ್ಟೆ. ಗುರುತಿನ ಮೇಲೆ ಬೆರಳಿಟ್ಟಳು.

"ಇಷ್ಟು ದಪ್ಪ ಇದ್ವಾ ಅವಳ ಬೆರಳು?"

"ಬೆಂಕೀಲಿ ಒಸಿ ಹರಡ್ತದೆ ಕಣವ್ವ."

ಸುಳ್ಳು. ಗ್ಲೇಜು ಕರಗಿದರೆ ಬೋಳು ಜಾಗ ಕಿರಿದಾಗಬಹುದು, ಹರಡುವುದಿಲ್ಲ.

ಶೆಡ್ಡಿದ್ದ ಜಾಗದಲ್ಲಿ ಈಗ ಕಾಂಪೌಂಡ್ ಗೋಡೆಯಿದೆ. ಲೋಟ ಅವ್ವನ ಮಂಚದ ಪಕ್ಕದ ಕಿಟಕಿಯಲ್ಲಿದೆ. ಅದರಲ್ಲಿ ಯಾರೂ ನೀರು ಕುಡಿಯುವಂತಿಲ್ಲ. ಬಂದ ನೆಂಟರ ಕೈಗೆ ಕೊಟ್ಟು, "ಇಲ್ಲಿ ಮುಟ್ಟಿ ನೋಡಿ, ನಮ್ಮ ಮಗೀನ ಕೈ," ಅನ್ನುತ್ತಾಳೆ. ಅವರು ಮುಟ್ಟಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಲ್ಲುತ್ತೇನೆ.

ಯಾರೂ ಇಲ್ಲದಾಗಲೂ ಅವಳು ಲೋಟ ಹಿಡಿದು ಕೂರುತ್ತಾಳೆ. ಒಮ್ಮೊಮ್ಮೆ ಬೆರಳನ್ನು ಇಟ್ಟ ಕಡೆಯೇ ಇಟ್ಟುಕೊಂಡು, ಊಟ ಮಾಡುತ್ತಿರುವ ನನ್ನ ಕೈಯನ್ನು ನೋಡುತ್ತಾಳೆ. ಗೊತ್ತಾಗಿದೆಯೇನವ್ವ ಎಂದು ನಾನು ಕೇಳಿಲ್ಲ. ಇನ್ನೊಂದು ಮುದ್ದೆ ಹಾಕಲೇ ಎಂದು ಅವಳು ಕೇಳುತ್ತಾಳೆ.