ಮೇಸ್ತ್ರಿಯ ಡಿಸ್ಕ್ ಬ್ರೇಕು

ನಮ್ಮ ಮನೆ ಮಾಲೀಕರ ಬಲಗೈ ಬೆರಳುಗಳ ಗೆಣ್ಣಿನ ಮೇಲೆಲ್ಲ ಸುಟ್ಟ ಕಲೆಗಳಿದ್ದವು. ಮುಳಬಾಗಿಲಿನ ಹೆದ್ದಾರಿ ಪಕ್ಕದ ಅವರ ಷೆಡ್ಡಿಗೆ ಯಾವ ಗಾಡಿ ಬಂದರೂ, ಡ್ರೈವರ್ ಇಳಿಯುವ ಮೊದಲೇ ಕುಕ್ಕರುಗಾಲಲ್ಲಿ ಕೂತು ಚಕ್ರದ ನಡುಭಾಗಕ್ಕೆ ಗೆಣ್ಣು ತಾಗಿಸಿ ನೋಡುತ್ತಿದ್ದರು. ಕಾದಿದ್ದರೆ ಬೈಗುಳ ಶುರು. ಘಾಟಿಯುದ್ದಕ್ಕೂ ಬ್ರೇಕ್ ತುಳಿದುಕೊಂಡೇ ಇಳಿಯುವವನಿಗೆ ಹೆಂಡತಿ ಮಕ್ಕಳು ಯಾಕೆ ಎಂದು ಮುಖಕ್ಕೇ ಕೇಳುತ್ತಿದ್ದರು. ಊರಿಗೆಲ್ಲ ಅವರು ಮೇಸ್ತ್ರಿ. ಎಪ್ಪತ್ತರ ದಶಕದ ಕೊನೆಗೆ ಹೈಸ್ಕೂಲು ಮೇಷ್ಟರಾಗಿ ಬಂದ ನಾನು ಅವರ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ.

ಆ ಸಿಟ್ಟಿಗೆ ಕಾರಣವಿತ್ತು. ಟ್ಯಾಕ್ಸಿ ಓಡಿಸುತ್ತಿದ್ದ ಅವರ ಭಾಮೈದನಿಗೆ ಒಮ್ಮೆ ತಿರುಪತಿಯ ಬಾಡಿಗೆ ಬಂತು. ಅವನಿಗೆ ಮನಸ್ಸಿರಲಿಲ್ಲ, ದೇವರ ಕೆಲಸ, ಹೋಗು ಎಂದು ಅವನ ಅಕ್ಕ, ಮೇಸ್ತ್ರಿಯ ಹೆಂಡತಿಯೇ, ಕಳಿಸಿದರು. ಆಂಧ್ರದ ಘಾಟಿಯಲ್ಲಿ ಡ್ರಮ್ ಬ್ರೇಕು ಕಾದು ಹಿಡಿಯದೆ ಹೋಯಿತು. ಯಾತ್ರಿಕರು ಉಳಿದರು, ಅವನು ಉಳಿಯಲಿಲ್ಲ. ಆಮೇಲೆ ಆಕೆ ಅಕ್ಕಿ ಆರಿಸುವಾಗಲೂ "ನಾನೇ ಕಳಿಸ್ದೆ" ಎಂದುಕೊಳ್ಳುತ್ತಿದ್ದರು. ಕೇಳಿ ಕೇಳಿ ನನಗೇ ಮನೆ ಬಿಟ್ಟುಬಿಡೋಣ ಅನ್ನಿಸುತ್ತಿತ್ತು.

ಮೇಸ್ತ್ರಿ ಭಾಮೈದನ ಆ ಹಳೆಯ ವಿಲಾಯತಿ ಕಾರನ್ನು ಗುಜರಿಗೆ ಹಾಕಲಿಲ್ಲ. ಷೆಡ್ಡಿಗೆ ಎಳೆತಂದು, ಮುಂದಿನ ಚಕ್ರಗಳಿಗೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್ ಕೂಡಿಸುವ ಹಟಕ್ಕೆ ಬಿದ್ದರು. ಡಿಸ್ಕುಗಳು ಬೆಂಗಳೂರಿನ ಗುಜರಿ ಅಂಗಡಿಯವು. ಅವನ್ನು ಕಚ್ಚಿ ನಿಲ್ಲಿಸುವ ಹಿಡಿಕೆಗಳು ಕೋಲಾರದ ಲೇತಿನಲ್ಲಿ ತಯಾರಾದವು. ಒಂದು ಹೊಂದಿದರೆ ಇನ್ನೊಂದು ಹೊಂದದು. ಹೆದ್ದಾರಿಯ ಉಳಿದ ಮೆಕ್ಯಾನಿಕ್ಕುಗಳು ನಕ್ಕರು. ನನಗೂ ಇದು ಹುಚ್ಚೆಂದೇ ಕಂಡಿತ್ತು.

"ಡ್ರಮ್ಮು ಮುಚ್ಚಿದ ಡಬ್ಬಿ ಮೇಷ್ಟ್ರೇ, ಬಿಸಿ ಹೋಗಕ್ಕೆ ದಾರಿ ಇಲ್ಲ. ಇದು ಬಯಲಲ್ಲಿರೋ ತಟ್ಟೆ, ಗಾಳಿ ಆಡ್ತದೆ" ಎಂದರು. ಇನ್ನೊಬ್ಬರ ಮನೆಯ ಹುಡುಗ ಹಾಗೆ ಹೋಗಬಾರದು ಎಂಬುದಷ್ಟೇ ಅವರ ತಲೆಯಲ್ಲಿತ್ತು.

ಆಯುಧಪೂಜೆಯ ದಿನ ಊರೆದುರಿಗೆ ಓಡಿಸಿ ತೋರಿಸುವುದೆಂದಾಯಿತು. ಬೆಳಿಗ್ಗೆ ಚಕ್ರಗಳನ್ನು ಇನ್ನೂ ಹಾಕಿರಲಿಲ್ಲ. ಮೇಸ್ತ್ರಿಯ ಹೆಂಡತಿ ಹೋಳೂರಿನ ಬೇಸಾಯದ ಮನೆಯವರು. ಅಲ್ಲಿ ಹಬ್ಬಕ್ಕೆ ಗುದ್ದಲಿ, ಕುಡುಗೋಲು ತೊಳೆದು ಎಣ್ಣೆ ಸವರಿ ಕುಂಕುಮ ಇಡುವುದು ರೂಢಿ. ಹೊಳೆಯುವ ಆ ತಟ್ಟೆಗಳಿಗೂ ಹಾಗೇ ಮಾಡಿದರು. ನಡುವೆ ಇಟ್ಟಿದ್ದ ಕುಂಕುಮ ಮೇಸ್ತ್ರಿಗೆ ಕಂಡಿತು, ಎಣ್ಣೆ ಕಾಣಲಿಲ್ಲ. ಚಕ್ರ ಹಾಕಿ, ನಿಂಬೆಹಣ್ಣು ತುಳಿಸಿ, ಕಾರು ಹೊರಡಿಸಿದರು. ಇಳಿಜಾರಿನಲ್ಲಿ ಬ್ರೇಕ್ ತುಳಿದರೂ ನಿಲ್ಲದೆ ಅದು ಹುಣಸೆಮರಕ್ಕೆ ಹೊಡೆಯಿತು. ಅವರ ಮಂಡಿ ಮುರಿಯಿತು.

ಹೆಂಡತಿ ಓಡಿಬಂದಾಗ "ಏಮೀ ಕಾಲೇದು, ಏನೂ ಆಗಿಲ್ಲ ಕಣೇ" ಎಂದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಷೆಡ್ಡಿನಲ್ಲಿ ಕೂತು ನನ್ನ ಕೈಯಲ್ಲಿ ಚಕ್ರ ಬಿಚ್ಚಿಸಿದರು. ಡಿಸ್ಕ್ ಮುಟ್ಟಿದ ಬೆರಳಿಗೆ ಹರಳೆಣ್ಣೆ ಅಂಟಿತು; ಬ್ರೇಕು ಹಿಡಿಯದೆ ಜಾರಿದ್ದು ಅದಕ್ಕೇ. ಮೂಸಿ ನೋಡಿ ಅವರ ಮುಖ ನೋಡಿದೆ. ಅವರು ಪೆಟ್ರೋಲಿನ ಬಟ್ಟೆ ನನ್ನತ್ತ ಚಾಚಿದರು.

"ಒರೆಸಿಬಿಡಿ ಮೇಷ್ಟ್ರೇ. ತಮ್ಮನ್ನ ಕಳಿಸಿದ್ದೇ ಅವಳಿಗೆ ಸಾಕಾಗಿದೆ. ಇದೂ ಗೊತ್ತಾದ್ರೆ ಬದುಕಲ್ಲ."

ತಾನೇ ಸರಿಯಾಗಿ ಕೂಡಿಸಿರಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದರು. ಜನ ನಂಬಿದರು, ಅಂಥ ಮಾತನ್ನು ಜನ ಬೇಗ ನಂಬುತ್ತಾರೆ. ತನ್ನ ಕಾರನ್ನೇ ನಿಲ್ಲಿಸಲಾಗದ ಮೇಸ್ತ್ರಿಗೆ ಬ್ರೇಕ್ ಕೆಲಸ ಯಾರು ಕೊಡುತ್ತಾರೆ? ಗಾಡಿಗಳು ಷೆಡ್ಡು ದಾಟಿ ಮುಂದೆ ಹೋದವು. ಅವರು ಪಂಕ್ಚರ್ ಹಾಕುತ್ತ ಕೂತರು. ನನಗೆ ಊರಿನ ಮೇಲೆ ಕೆಟ್ಟ ಸಿಟ್ಟಿತ್ತು, ಆದರೆ ಬಾಯಿ ಬಿಡುವಂತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಶ್ರೀನಿವಾಸಪುರಕ್ಕೆ ವರ್ಗವಾಗಿದ್ದ ನನಗೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ನೋಡಿದೆ. ಗೆಣ್ಣಿನ ಕಲೆಗಳೆಲ್ಲ ಮಾಸಿಹೋಗಿದ್ದವು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಆಕೆ ನನ್ನ ಪಕ್ಕ ಬಂದು ಕೂತರು.

"ಅವತ್ತು ಹಬ್ಬದ ದಿನ ನಾನು ಪೂಜೆ ಮಾಡಿದ್ದಕ್ಕೇ ಇವ್ರ ಜೀವ ಉಳೀತು, ಅಲ್ವಾ ಮೇಷ್ಟ್ರೇ? ಅದೊಂದಾದ್ರೂ ನನ್ನ ಕೈಯಿಂದ ಒಳ್ಳೇದಾಯ್ತು."

ಹೌದಮ್ಮ ಎಂದೆ.